ಹಂಪವ್ವನ ಮಂಚಕ್ಕೆ ಹನ್ನೆರಡು ಹೆಜ್ಜೆ ಕಮ್ಮಿ

ಬೆಳಗಿನ ಐದೂವರೆ. ಕಡರನಾಯಕನಹಳ್ಳಿಯ ನಿರ್ಮಲಮ್ಮ ಒಂದು ಕೈಯಲ್ಲಿ ಕಾರ್ಡ್‌ಲೆಸ್ ಫೋನ್, ಇನ್ನೊಂದರಲ್ಲಿ ಸೀರೆಯ ನೆರಿಗೆ ಹಿಡಿದು ಓಣಿಯಲ್ಲಿ ಓಡುತ್ತಿದ್ದಾರೆ. ‘ಲೈನಲ್ಲೇ ಇರಪ್ಪಾ, ಬಂದೆ!’ ಆರರೊಳಗೆ ದೂರದ ಕರೆಗೆ ದರ ಕಡಿಮೆ, ಅದಕ್ಕೇ ಈ ಹೊತ್ತಿನ ಓಟ. ಫೋನ್ ಕೈಗೆ ಬಂದಾಗ ಓಣಿಯ ಹಾಲೇಶಪ್ಪ ಬೇವಿನಕಡ್ಡಿ ಬಾಯಲ್ಲಿಟ್ಟುಕೊಂಡೇ ತಮ್ಮನ ಜೊತೆ ಮಾತಾಡುತ್ತಾರೆ. ಅತ್ತ ಕಡೆ ಏನು ಕೇಳಿಸಿತೋ ದೇವರೇ ಬಲ್ಲ!

ಈ ಓಣಿಗೆಲ್ಲ ಇರುವುದು ನಿರ್ಮಲಮ್ಮನ ಎಸ್‌ಟಿಡಿ ಬೂತಿನ ಒಂದೇ ಫೋನು. ಮೂವತ್ತೊಂದು ಮನೆಯವರು ಲಗ್ನಪತ್ರಿಕೆಯಲ್ಲೂ ಇದೇ ನಂಬರ್ ಹಾಕಿಸಿ, ಪಕ್ಕದಲ್ಲಿ ‘ಪಿ.ಪಿ.’, ಅಂದರೆ ನೆರೆಯವರು ಕರೆದು ಕೊಡುವ ನಂಬರ್, ಎಂದು ಸೇರಿಸುತ್ತಾರೆ. ಕರೆ ಬಂದರೆ ಹೋಗಿ ಕೂಗುವವರು ಇವರೇ. ಗಂಡ ತೀರಿಕೊಂಡ ಮೇಲೆ ಬೂತು ಇಟ್ಟು ಆರು ವರ್ಷ. ಜನ ಎದ್ದು ಬರುವಷ್ಟರಲ್ಲಿ ಲೈನ್ ಕಟ್ಟಾಗುತ್ತಿತ್ತೆಂದು ಹೋದ ವರ್ಷ, ತೊಂಬತ್ತೇಳರಲ್ಲಿ, ದಾವಣಗೆರೆಯಿಂದ ಕಾರ್ಡ್‌ಲೆಸ್ ತಂದರು. ಈಗ ದಿನಕ್ಕೆ ಇಪ್ಪತ್ತು ಸಲ ಓಟ. ಈ ಫೋನು ಎಲ್ಲಿತನಕ ಹೋಗುತ್ತದೆ ಎಂದು, ಪತ್ರಿಕೆಗೆ ಬರೆಯಲು ಬಂದ ನಾನು ನಿರ್ಮಲಮ್ಮನನ್ನು ಕೇಳುತ್ತೇನೆ.

‘ಅಂಗಡ್ಯಾಗ ಮುನ್ನೂರು ಅಡಿ ಹೋಗ್ತೈತೆ ಅಂದ್ರು ಸಾರ್. ಇಲ್ಲಿ ಉಜ್ಜನಪ್ಪರ ಬಟ್ಟೆ ಒಗೆಯೋ ಕಲ್ಲು ದಾಟಿದ್ರೆ ಬರೀ ಗೊರ್ ಅಂತಿತ್ತು.’

ಆ ಕಲ್ಲಿನಿಂದ ಹನ್ನೆರಡು ಹೆಜ್ಜೆ ಆಚೆ ಹಂಪವ್ವನ ಮನೆ. ಸೊಂಟ ಮುರಿದುಕೊಂಡು ಎರಡು ತಿಂಗಳಿಂದ ಅವರು ಮಂಚ ಹಿಡಿದಿದ್ದಾರೆ. ಒಬ್ಬಳೇ ಮಗಳು ವಾಣಿ ಸೊಲ್ಲಾಪುರದಲ್ಲಿ ತುಂಬು ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕಿತ್ತು, ತಾಯಿಯೇ ಮಲಗಿದ್ದರಿಂದ ಆಗಲಿಲ್ಲ. ‘ಅಕ್ಕಾ, ಅವ್ವನ ದನಿ ಒಂದ್ಸಲ ಕೇಳ್ಸು ಅಂತ ಆ ಹುಡುಗಿ ಅಳ್ತಿದ್ಲು. ಸುದ್ದಿ ಮುಟ್ಟಿಸ್ತಿದ್ದೆ. ದನಿ ಹೆಂಗೆ ಮುಟ್ಟಿಸ್ಲಿ?’ ಎನ್ನುತ್ತಾರೆ ನಿರ್ಮಲಮ್ಮ.

ಮೊನ್ನೆ ಹರಿಹರದ ರಿಪೇರಿಯ ಅಮೀರ್ ಜಾನ್ ಬಂದು, ಫೋನಿಗೆ ಸಿಗ್ನಲ್ ಕಳಿಸುವ ಏರಿಯಲ್ ಪೆಟ್ಟಿಗೆ ಎಲ್ಲಿ ಎಂದು ಕೇಳಿದಾಗ ಗುಟ್ಟು ಬಯಲಾಯಿತು. ಅಷ್ಟು ಬೆಲೆಯ ವಸ್ತುವಲ್ಲವೇ, ನಿರ್ಮಲಮ್ಮ ಅದಕ್ಕೆ ವಿಭೂತಿ ಹಚ್ಚಿ, ದೇವರ ಕೋಣೆಯಲ್ಲಿ ಹಿತ್ತಾಳೆ ಕೊಡಗಳ ಹಿಂದೆ, ಏರಿಯಲ್ ಮಡಚಿ ಕೂಡಿಸಿದ್ದರು!

‘ಅಕ್ಕಾ, ಇಷ್ಟು ಕೊಡದ ಹಿಂದೆ ಕೂಡ್ಸಿದ್ರೆ ಹೆಂಗೆ ಕೆಲ್ಸ ಮಾಡ್ತೈತ್ರಿ? ಎತ್ತರದಾಗ ಇಡ್ರಿ’ ಎಂದು ಅವರು ಅದನ್ನು ಅಟ್ಟದ ಕಿಟಕಿಗೆ ಏರಿಸಿದರು. ಸಿಗ್ನಲ್ ಹಂಪವ್ವನ ಜಗಲಿ ಮುಟ್ಟಿತು. ಆದರೆ ಹೊಸ್ತಿಲು ದಾಟಲಿಲ್ಲ. ಹಳೇ ಮಣ್ಣಿನ ಗೋಡೆ, ಎರಡು ಮೊಳ ದಪ್ಪ. ಅದಕ್ಕೇ ಎರಡು ದಿನದಿಂದ ನಸುಕಿಗೇ ನೆರೆಯವರು ಹಂಪವ್ವನನ್ನು ಮಂಚದ ಸಮೇತ ಜಗಲಿಗೆ ತಂದಿಡುತ್ತಿದ್ದಾರೆ. ವಾಣಿಯ ಕರೆ ಮಾತ್ರ ಬಂದಿಲ್ಲ.

ಮಾತಾಡುತ್ತಿರುವಾಗಲೇ ಫೋನ್ ರಿಂಗಾಗುತ್ತದೆ. ‘ವಾಣೀನಾ? ನೋವು ಶುರುವಾಯ್ತಾ? ಇರವ್ವಾ, ಇಡಬ್ಯಾಡ!’ ನಿರ್ಮಲಮ್ಮ ಓಡುತ್ತಾರೆ, ಹಿಂದೆ ನಾನೂ. ಒಗೆಯುವ ಕಲ್ಲು ಬಂತು, ದಾಟಿತು. ಗೊರ್ ಇಲ್ಲ. ಹಂಪವ್ವ ಎರಡೂ ಕೈಯಲ್ಲಿ ಫೋನ್ ಹಿಡಿಯುತ್ತಾರೆ.

‘ಯಾಕಳ್ತೀಯ ಮಗಳೆ? ನಾ ಇಲ್ಲೇ ಅದೀನಿ. ಹೆದರಬ್ಯಾಡ, ಹೋಗ್ಬಾ.’

ಅಷ್ಟೇ ಮಾತು. ನನಗಂತೂ ಕಣ್ಣು ತುಂಬಿಬಂತು, ಸುಳ್ಳೇಕೆ ಹೇಳಲಿ. ಸಂಜೆ ಮತ್ತೆ ಕರೆ ಬರುತ್ತದೆ: ಹೆಣ್ಣುಕೂಸು, ಇಬ್ಬರೂ ಆರಾಮ.

ಹೊರಡುವಾಗ ನಿರ್ಮಲಮ್ಮ ತಡೆದು ನಿಲ್ಲಿಸುತ್ತಾರೆ. ‘ಈ ಫೋನು ಎಲ್ಲಿತನಕ ಹೋಗ್ತೈತೆ ಅಂತ ಬೆಳಿಗ್ಗೆ ಕೇಳಿದ್ರಲ್ಲ ಸಾರ್, ಅಡಿ ಲೆಕ್ಕ ಬ್ಯಾಡ. ಹಂಪವ್ವನ ಮಂಚದತನಕ ಹೋಗ್ತೈತೆ ಅಂತ ಬರ್ಕಳ್ರಿ.’