ಕಾಟ್ಲಾ ಮೊಟ್ಟೆ ಯಾರ ತಟ್ಟೆಗೆ

ಇವತ್ತು ಬೆಳಗ್ಗೆ ಚಿಕ್ಕಬಳ್ಳಾಪುರದ ಮೀನಂಗಡಿಯಲ್ಲಿ ಕಾಟ್ಲಾ ಸೀಳುತ್ತಿದ್ದ ಹೆಂಗಸು ಕೈ ನಿಲ್ಲಿಸಿ, "ಮೊಟ್ಟೆ ಐತೆ ಸಾರ್, ಹಾಕ್ಲಾ, ಬಿಸಾಕ್ಲಾ?" ಎಂದಳು. ಅಂಗೈಯಗಲದ ಎರಡು ಹಳದಿ ಗಟ್ಟಿಗಳು. ಒಳಗೆಲ್ಲ ರಾಗಿಗಿಂತ ಸಣ್ಣ ಕಾಳುಗಳು. ಹಾಕಮ್ಮ ಎಂದೆ. ಸುದ್ದಿಮನೆಯಲ್ಲಿ ಬೇರೆಯವರ ಬರಹದಿಂದ 'ಕಣ್ಣು ತೇವವಾಯಿತು' ಎಂಬ ಸಾಲುಗಳನ್ನು ಹೊಡೆದುಹಾಕುತ್ತಾ ಬದುಕಿದವನಿಗೆ, ಮೀನಿನ ಮೊಟ್ಟೆ ನೋಡಿ ಹಳೆಯದು ನೆನಪಾಯಿತು ಎನ್ನಲು ಸಂಕೋಚ. ನೆನಪಾದದ್ದು ಮಾತ್ರ ನಿಜ.

ನಗರಗೆರೆ ಕಡೆಯ ನಮ್ಮ ಮನೆಯಲ್ಲಿ, ಕೆರೆಗೆ ಬಲೆ ಬಿದ್ದ ಭಾನುವಾರ ಮೀನಿನ ತುಂಡಿಗೆ ಜಗಳವಿತ್ತು, ಮೊಟ್ಟೆಗೆ ಇರಲಿಲ್ಲ. ಮೊಟ್ಟೆ ಅತ್ತಿಗೆಗೆ. ಮಡಿಲು ತುಂಬದ ಸೊಸೆ ಅದನ್ನು ತಿಂದರೆ ಮಕ್ಕಳಾಗುತ್ತವೆ ಎಂಬ ನಂಬಿಕೆ ಅಮ್ಮನಿಗೆ ಅವಳ ಅತ್ತೆಯಿಂದ ಬಂದಿತ್ತು. ಉಪ್ಪು ಖಾರ ಹಚ್ಚಿ ಹುರಿದು, ತಾನೇ ನಿಂತು ಬಡಿಸುವಳು. "ತಿನ್ನಮ್ಮ ವನಜ, ಒಂದೊಂದು ಕಾಳೂ ಒಂದೊಂದು ಮಗು ಕಣಮ್ಮ."

ಅತ್ತಿಗೆ ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಹೊಲಿದು ಬಂದ ಬಟ್ಟೆಗಳ ತಪ್ಪು ಹುಡುಕುವ ಕೆಲಸದಲ್ಲಿದ್ದರು. ಮನೆಯಲ್ಲಿ ಮಾತ್ರ ತಪ್ಪು ಎಲ್ಲಿದೆಯೆಂದು ಯಾರೂ ಹುಡುಕಿರಲಿಲ್ಲ, ಆಗಲೇ ತೀರ್ಮಾನವಾಗಿತ್ತು. ಗೌರಿಬಿದನೂರಿನ ಡಾಕ್ಟರು ಅವರನ್ನು ಪರೀಕ್ಷಿಸಿ, ನಿನ್ನದೇನೂ ತೊಂದರೆ ಇಲ್ಲ, ಗಂಡನನ್ನು ಕರೆದುಕೊಂಡು ಬಾಮ್ಮ ಎಂದಿದ್ದರು. ಅಣ್ಣ ಹೋಗಲಿಲ್ಲ. "ನನಗೇನಾಗೈತೆ? ಕಲ್ಲಿದ್ದಂಗಿದೀನಿ" ಎನ್ನುತ್ತಿದ್ದ. ಅಷ್ಟರಲ್ಲಿ ಹಿಂದೂಪುರದ ನೆಂಟರ ಹುಡುಗಿಯೊಬ್ಬಳ ಹೆಸರು ಅಮ್ಮನ ಬಾಯಲ್ಲಿ ಆಗಾಗ ಬರತೊಡಗಿತ್ತು. ಯಾಕೆ ಬರುತ್ತಿದೆಯೆಂದು ಅತ್ತಿಗೆಗೂ ಗೊತ್ತಿತ್ತು.

ಅಂಥದೊಂದು ಭಾನುವಾರ ಅಣ್ಣ ದೊಡ್ಡದೊಂದು ಕಾಟ್ಲಾ, ಜೊತೆಗೆ ನಾಲ್ಕಾರು ಜಿಲೇಬಿ ಮೀನು ತಂದ. ಹಿತ್ತಲಲ್ಲಿ ಜಿಲೇಬಿಯೊಂದರ ಬಾಯಿ ಬಿಡಿಸಿದ ಅಮ್ಮ ಕೂಗಿಕೊಂಡಳು.

"ಏಮಿರಾ ಇದಿ, ಏನೋ ಇದು! ತನ್ನ ಮೊಟ್ಟೆ ತಾನೇ ತಿಂದೈತಲ್ಲೋ, ಪಾಪಿ ಮುಂಡೇದು!"

ಮೀನಿನ ಬಾಯೊಳಗೆ ನವಣೆ ಕಾಳಿನಂಥ ಮೊಟ್ಟೆಗಳಿದ್ದವು.

"ತಿಂದಿಲ್ಲಮ್ಮ, ಸಾಕ್ತಾ ಐತೆ" ಎಂದೆ. ಆ ವಾರವಷ್ಟೇ ಕೆರೆ ಮೀನುಗಳ ವರದಿಯೊಂದನ್ನು ತಿದ್ದುವಾಗ ಬಲ್ಲವರೊಬ್ಬರನ್ನು ಕೇಳಿ ತಿಳಿದದ್ದು ಇನ್ನೂ ಬಿಸಿಯಾಗಿತ್ತು. ಯಾರೂ ಕೇಳದಿದ್ದರೂ ಹೇಳಿದೆ. ಮೀನಿನ ಹೊಟ್ಟೆಯಲ್ಲಿರುವ ಜಾಗ ಇಷ್ಟೇ. ಮೊಟ್ಟೆ ದೊಡ್ಡದಾದರೆ ಸಂಖ್ಯೆ ಕಡಿಮೆ, ಸಂಖ್ಯೆ ಹೆಚ್ಚಿದರೆ ಮೊಟ್ಟೆ ಸಣ್ಣದು. ಜಿಲೇಬಿ ಕೆಲವೇ ದೊಡ್ಡ ಮೊಟ್ಟೆ ಇಟ್ಟು, ಮರಿ ಈಜುವವರೆಗೆ ಬಾಯಲ್ಲಿ ಹೊತ್ತು ಹೆಚ್ಚುಕಮ್ಮಿ ಉಪವಾಸವಿರುತ್ತದೆ. ಪ್ರತಿ ಮೊಟ್ಟೆಯಲ್ಲೂ ಬುತ್ತಿ ಹೆಚ್ಚು, ಹುಟ್ಟುವ ಮರಿಯೂ ಗಟ್ಟಿ. ಕಾಟ್ಲಾ ಹಾಗಲ್ಲ, ಲಕ್ಷಗಟ್ಟಲೆ ಸಣ್ಣ ಮೊಟ್ಟೆ ಸುರಿದು ನೀರಿಗೆ ಒಪ್ಪಿಸಿ ಹೋಗುತ್ತದೆ. ಎಷ್ಟೋ ಸತ್ತು ಕೆಲವು ಉಳಿಯುತ್ತವೆ. ಯಾವುದು ಜಾಣತನ ಎಂದು ನಾನು ಕೇಳಿದ್ದಕ್ಕೆ ಆ ಬಲ್ಲವರು, ಅದು ಎಂಥ ನೀರು ಅನ್ನೋದರ ಮೇಲೆ ಹೋಗುತ್ತೆ ಎಂದಿದ್ದರು.

"ಆದ್ರೆ ನಮ್ಮ ಕೆರೇಲಿ ಕಾಟ್ಲಾ ಮರಿ ಮಾಡೋದೇ ಇಲ್ಲಮ್ಮ. ಹೊಟ್ಟೆ ತುಂಬ ಮೊಟ್ಟೆ ಇದ್ರೂ ಅದಕ್ಕೆ ಹರಿಯೋ ನೀರು ಬೇಕು. ಅದಕ್ಕೇ ವರ್ಷಾವರ್ಷ ಮರಿ ತಂದು ಬಿಡೋದು."

"ಹೋಗೋ ಪೇಪರ್ನೋನೆ. ನಾಳೆ ಮಳೆ ಬರುತ್ತೆ ಅಂತಾನೂ ನಿಮ್ಮ ಪೇಪರಲ್ಲೇ ಹಾಕ್ತೀರ" ಎಂದಳು ಅಮ್ಮ.

ಬಾಗಿಲಲ್ಲಿ ಮಸಾಲೆ ರುಬ್ಬಲು ತೆಂಗಿನಕಾಯಿ ಹಿಡಿದು ನಿಂತಿದ್ದ ಅತ್ತಿಗೆ ಇದನ್ನೆಲ್ಲ ಕೇಳಿಸಿಕೊಂಡು ಒಳಗೆ ಹೋದರು. ಊಟಕ್ಕೆ ಕುಳಿತು, ಅಮ್ಮ ಮೊಟ್ಟೆ ಬಡಿಸಲು ಬಾಗಿದಾಗ, ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು.

"ಅತ್ತೆ, ಇದರ ಮೊಟ್ಟೇಲಿ ಏನೂ ಐಬಿಲ್ವಂತೆ. ನಿಂತ ನೀರು, ಅದಕ್ಕೆ ಮರಿಯಾಗ್ಲಿಲ್ಲ. ನೀರನ್ನ ಯಾರೂ ಕೇಳ್ದೆ ಮೀನಿಗೇ ಔಷಧಿ ಕೊಟ್ರೆ ಹೆಂಗೆ?"

"ಅಂದ್ರೆ?"

"ಇಷ್ಟು ದಿನ ನಾನು ತಿಂದೆ, ಇವತ್ತು ನಿಮ್ಮ ಮಗ ತಿನ್ಲಿ. ನಾಳೆ ನನ್ ಜೊತೆ ಗೌರಿಬಿದನೂರಿಗೆ ಬರ್ಲಿ. ಇಲ್ಲಾಂದ್ರೆ ಆ ಹಿಂದೂಪುರದ ಹುಡುಗೀಗೂ ನೀವು ಇದನ್ನೇ ಬಡಿಸ್ತಾ ಕೂತಿರ್ಬೇಕಾಗ್ತದೆ."

"ತಮ್ಮನ ಮುಂದೆ ಇದೆಲ್ಲ ಯಾಕೆ?" ಎಂದ ಅಣ್ಣ.

"ಬೀದಿಯೋರ ಮುಂದೆ ನನ್ನ ವಿಷ್ಯ ಮಾತಾಡುವಾಗ ಯಾರೂ ಹಿಂಗೆ ಕೇಳ್ಲಿಲ್ಲ."

ನಾನು ಮುದ್ದೆಯನ್ನೇ ನೋಡುತ್ತಿದ್ದೆ. ಬಾಗಿದ್ದ ಅಮ್ಮ ಅಷ್ಟೂ ಮೊಟ್ಟೆಯನ್ನು ಅಣ್ಣನ ತಟ್ಟೆಗೆ ಹಾಕಿದಳು.

"ತಿನ್ನಪ್ಪ. ಬೆಳಗ್ಗೆ ಬಸ್ಸಿಗೆ ಹೋಗ್ಬಾ. ಕಲ್ಲಿದ್ದಂಗಿದ್ರೆ ಡಾಕ್ಟ್ರೂ ಅದನ್ನೇ ಹೇಳ್ತಾರೆ."

ಅಣ್ಣ ತಲೆ ತಗ್ಗಿಸಿ ತಿಂದ. ಮರುದಿನ ಹೋದ. ಪರೀಕ್ಷೆಯಲ್ಲಿ ಏನು ಬಂತೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮಾತ್ರೆಯ ಚೀಟಿ ಮಾತ್ರ ಅಣ್ಣನ ಅಂಗಿಯ ಜೇಬಿನಲ್ಲಿರುತ್ತಿತ್ತು. ಮಕ್ಕಳಾಗಲಿಲ್ಲ. ಹಿಂದೂಪುರದ ಹುಡುಗಿಯ ಹೆಸರೂ ಮತ್ತೆ ಕೇಳಲಿಲ್ಲ. ಅಂದಿನಿಂದ ಅಮ್ಮ ಮೊಟ್ಟೆಯನ್ನು ಎಲ್ಲರಿಗೂ ಸಮವಾಗಿ ಹಂಚಿದಳು. ನನಗೂ ಒಂದು ಚೂರು ಬಂತು. ರುಚಿ ಅಂಥದ್ದೇನಲ್ಲ, ಬಾಯೆಲ್ಲ ಹಿಟ್ಟು ಹಿಟ್ಟು.

ಅಮ್ಮ ಈಗಿಲ್ಲ. ಇವತ್ತು ಮೀನು ಹಿಡಿದುಕೊಂಡು ನಾನು ಅಣ್ಣನ ಮನೆಗೇ ಬಂದೆ. ಪಕ್ಕದ ಮನೆಯಾಕೆ ಜಗಲಿಯಲ್ಲಿ ಕುಳಿತು, ತನ್ನ ಮನೆಗೆ ಸೊಸೆ ಬಂದು ಇಷ್ಟು ಕಾಲವಾದರೂ ಏನೂ ಸುದ್ದಿಯಿಲ್ಲ, ಯಾವ ದೇವರಿಗೆ ಹರಕೆ ಹೊರಲಿ ಎಂದು ಅತ್ತಿಗೆಯ ಹತ್ತಿರ ಹೇಳಿಕೊಳ್ಳುತ್ತಿದ್ದಳು. ಅತ್ತಿಗೆ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಒಳಗೆ ಪೇಪರು ಓದುತ್ತಿದ್ದ ಅಣ್ಣ ಅಲ್ಲಿಂದಲೇ ಹೇಳಿದ:

"ಮೊದ್ಲು ನಿಮ್ಮ ಹುಡುಗನ್ನ ಡಾಕ್ಟ್ರ ಹತ್ರ ಕಳ್ಸಕ್ಕ. ಒಬ್ನೇ ಹೋಗೋಕೆ ನಾಚ್ಕೆ ಆದ್ರೆ, ನಾನ್ ಜೊತೇಲಿ ಹೋಗ್ಬರ್ತೀನಿ."