ವಾಶ್‌ಬೇಸಿನ್ನಿನ ಬಿರುಕು

ಆ ಬಿರುಕನ್ನು ನಾನು ನೋಡಿದ್ದೆ. ಓದಲೆಂದು ಪರದೇಶಕ್ಕೆ ಬಂದು, ಬ್ರಿಕ್‌ಫೀಲ್ಡ್ಸ್ ಬಡಾವಣೆಯ ಆ ಬಾಡಿಗೆ ಮನೆಗೆ ಕಾಲಿಟ್ಟ ದಿನವೇ, ನಲ್ಲಿಯ ಎಡಕ್ಕೆ, ಒಂದು ಗೇಣು ಉದ್ದ. ಪಕ್ಕದ ಕೋಣೆಗೆ ಧಾರವಾಡದ ಕಡೆಯ ವಿದ್ಯಾರ್ಥಿನಿ ಬಂದದ್ದು ಅದಾದ ನಾಲ್ಕು ತಿಂಗಳಿಗೆ.

ಲಾಕ್‌ಡೌನಿನಲ್ಲಿ ಅವಳಿಗೆ ಊರಿಗೆ ಹೊರಟ ವಿಶೇಷ ವಿಮಾನದಲ್ಲಿ ಸೀಟು ಸಿಕ್ಕಿತು. ಟಿಕೆಟ್ಟಿಗೆ ಮನೆಯ ಅಡ್ವಾನ್ಸನ್ನೇ ನಂಬಿದ್ದಳು. ಕೆಳಗಿನ ಮಹಡಿಯ ಮಾಲೀಕರು ಮಾಸ್ಕು ಹಾಕಿಕೊಂಡು ಬಂದು, ಬೇಸಿನ್ ತೋರಿಸಿ, "ನೀನೇ ಒಡೆದದ್ದು ಲಾ. ಅಡ್ವಾನ್ಸ್ ಇದಕ್ಕೇ ಸರಿಹೋಯಿತು" ಎಂದರು. ಮಾತಿನ ಕೊನೆಗೊಂದು 'ಲಾ' ಅಲ್ಲಿಯವರ ರೂಢಿ.

ಕೋರ್ಟುಗಳು ಮುಚ್ಚಿದ್ದವು. ಉಳಿದದ್ದು ಕಟ್ಟಡದ ಸಮಿತಿ.

"ಅಕ್ಕಾರ, ಅರ್ಜಿ ಓದಿ ಓದಿನ ಡಾಕ್ಟರ್ ಆಗೋರು ನೀವು. ನನಗೊಂದು ಬರದ್ ಕೊಡ್ರಿ" ಎಂದಳು.

ನಿಜ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಸಾಲ, ಅಡವು, ಬಾಡಿಗೆಯ ಜಗಳಗಳಲ್ಲಿ ನ್ಯಾಯ ಸಿಗದವರು ರಾಜನ ಚಾನ್ಸಲರ್‌ಗೆ ಬರೆದುಕೊಂಡ ಅರ್ಜಿಗಳೇ ನನ್ನ ಸಂಶೋಧನೆಯ ವಿಷಯ. ಅದೇ ಧಾಟಿಯಲ್ಲಿ ಎರಡು ಪುಟ ಬರೆದೆ: ಅರ್ಜಿದಾರಳು ಬಡವಳು, ಹಿಂದೆ ಮುಂದೆ ಯಾರೂ ಇಲ್ಲ, ಎದುರಾಳಿ ಧನವಂತ, ಊರೆಲ್ಲ ಅವನ ಕಡೆ.

ಅವಳು ಓದಿ ನಕ್ಕಳು. "ಇದೇನ್ರಿ! ನಾ ಏನ್ ಗುಡಿ ಮುಂದ ತಟ್ಟಿ ಹಿಡಿದು ಕುಂತೀನೇನು? ಬಿರುಕು ಮೊದಲ ಇತ್ತು ಅಂತ ಒಂದ ಸಾಲು ಬರೀರಿ. ಕೆಳಗ ನಿಮ್ಮ ಸಹಿ ಹಾಕ್ರಿ. ಸಾಕು."

"ನಾನು ಇನ್ನೂ ಎರಡು ವರ್ಷ ಇದೇ ಮನೆಯಲ್ಲಿ ಇರಬೇಕಲ್ಲ ಮಾರಾಯ್ತಿ."

ಅವಳು ಕಾಗದ ಮಡಚಿದಳು. "ಹಂಗಾರ ಬರಿಯಾಕ ಒಬ್ರು, ಕಂಡದ್ದು ಹೇಳಾಕ ಇನ್ನೊಬ್ರು ಬೇಕು ಅಂತಾತು."

ನಾನು ಸಹಿ ಹಾಕಲಿಲ್ಲ. ಅಲ್ಪವಿರಾಮಗಳನ್ನು ಮಾತ್ರ ಮೂರು ಸಲ ತಿದ್ದಿಕೊಟ್ಟೆ. ಕಣ್ಣಾರೆ ಕಂಡೂ ಬಾಯಿ ಬಿಡದ ಆ ಕಾಲದ ನೆರೆಹೊರೆಯವರನ್ನು ನನ್ನ ಪ್ರಬಂಧದ ಅಡಿಟಿಪ್ಪಣಿಯೊಂದರಲ್ಲಿ ಹೇಡಿಗಳೆಂದು ಕರೆದಿದ್ದೆ. ಆ ಟಿಪ್ಪಣಿ ಈಗಲೂ ಹಾಗೆಯೇ ಇದೆ, ಪರೀಕ್ಷಕರು ಮೆಚ್ಚಿದರು.

ಸಮಿತಿಯ ಉತ್ತರ ಒಂದೇ ಸಾಲಿನದು: ಸಾಕ್ಷಿ ಇಲ್ಲ. ಮೆಟ್ಟಿಲಲ್ಲಿ ಸಿಕ್ಕ ಮಾಲೀಕರು, "ಅರ್ಜಿಯ ಇಂಗ್ಲಿಷ್ ಭಾರೀ ಚೆನ್ನಾಗಿತ್ತು ಲಾ. ಯಾರು ಬರೆದದ್ದು?" ಎಂದು ಕೇಳಿದರು.

"ಗೊತ್ತಿಲ್ಲ" ಎಂದೆ.

ವಿಮಾನ ಅವಳನ್ನು ಬಿಟ್ಟು ಹೋಯಿತು. ಮುಂದಿನದಕ್ಕೆ ಐದು ವಾರ ಕಾಯಬೇಕಾಯಿತು. ಅಷ್ಟು ದಿನವೂ, ಹೊರಗಿನಿಂದ ಬಂದಾಗಲೆಲ್ಲ, ನಾವಿಬ್ಬರೂ ಒಬ್ಬರಾದ ಮೇಲೊಬ್ಬರು ಅದೇ ಬೇಸಿನ್ನಿನಲ್ಲಿ ಇಪ್ಪತ್ತು ಸೆಕೆಂಡು ಎಣಿಸಿ ಕೈ ತೊಳೆದುಕೊಂಡೆವು.