ಶಿವಯೋಗಿಯ ಕೈ ಕುಲುಕಿದ ಯುವರಾಜ

ಯುವರಾಜನ ಬಗ್ಗೆ ಒಳ್ಳೆಯ ಮಾತು ಕೇಳಬೇಕಾದರೆ ಭದ್ರಾವತಿಯಲ್ಲಿ ಬೇಕಾದಷ್ಟು ಮನೆಗಳಿವೆ, ಅಲ್ಲಿಗೆ ಹೋಗಿ. ನನ್ನ ಹೊಲಿಗೆ ಅಂಗಡಿಗೆ ಬಂದು ಕೂತರೆ ನಾನು ನಡೆದದ್ದನ್ನೇ ಹೇಳುವವಳು. ಅವನ ಮುಖ ನೋಡಿದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಅವನು ಹುಟ್ಟಿ ಬೆಳೆದದ್ದು ನಮ್ಮ ಸಾಲಿನಲ್ಲೇ, ಕಾರ್ಖಾನೆಯ ಕ್ವಾರ್ಟರ್ಸ್‌ನಲ್ಲಿ. ಅವರಪ್ಪ ಲಿಂಗಪ್ಪನವರು ಫರ್ನೇಸಿನಲ್ಲಿ ಬೆಂದು ಬಂದು, ಸಂಜೆ ಮಗನ ಆಟ ನೋಡಲು ಗ್ರೌಂಡಿನ ಕಟ್ಟೆಯ ಮೇಲೆ ಕೂರುತ್ತಿದ್ದರು. ಹಾಕಿಯಲ್ಲಿ ಯುವರಾಜ ಫುಲ್‌ಬ್ಯಾಕ್. ಅವನನ್ನು ದಾಟಿ ಚೆಂಡು ಹೋಗಬೇಕಾದರೆ ಎದುರಿನವನ ಮೊಣಕಾಲಾದರೂ ಊದಿಕೊಳ್ಳಬೇಕು, ಇವನದಾದರೂ ಊದಿಕೊಳ್ಳಬೇಕು. ಆದರೆ ಕೊನೆಯ ವಿಷಲ್ ಊದಿದ ಮೇಲೆ ಅದೇ ಎದುರಿನವನ ಕೈ ಕುಲುಕಿ, ಹೆಗಲ ಮೇಲೆ ಕೈ ಹಾಕಿಕೊಂಡು ಹೊರಗೆ ಬರುತ್ತಿದ್ದ. ಒಂದು ಸಲ ಇವನ ಮುಂದಿನ ಹಲ್ಲು ಮುರಿದ ಕೊಡಗಿನ ಹುಡುಗನನ್ನೇ ಮನೆಗೆ ಕರೆತಂದು ಊಟಕ್ಕೆ ಕೂರಿಸಿದ್ದ. ಅವರಮ್ಮ ಒಳಗೆ ಗೊಣಗುತ್ತಾ ಬಡಿಸಿದರು. ನಾವೆಲ್ಲ ಅದನ್ನು ದೊಡ್ಡ ಗುಣ ಅಂದುಕೊಂಡೆವು. ನನ್ನ ತಮ್ಮ ನಿಶಾಂತ್ ಅಂತೂ ಅವನ ಸ್ಟಿಕ್ಕು ಹೊತ್ತುಕೊಂಡೇ ದೊಡ್ಡವನಾದ.

ರಾಜ್ಯದ ತಂಡಕ್ಕೆ ಆಡಿದ್ದರಿಂದ ಯುವರಾಜನಿಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು. ಮದುವೆಯಾಗಿ ಶಿವಮೊಗ್ಗದ ರಾಗಿಗುಡ್ಡದಲ್ಲಿ ಮನೆ ಮಾಡಿದ. ಅಲ್ಲೇ ನೆಮ್ಮದಿಯಾಗಿ ಇರಬಹುದಿತ್ತು. ಆದರೆ ನಮ್ಮ ವಾರ್ಡಿನಲ್ಲಿ ನಲ್ಲಿಗೆ ನೀರು ಬರುತ್ತಿರಲಿಲ್ಲ, ಮೋರಿ ಕಟ್ಟಿಕೊಂಡು ಮನೆಯೊಳಗೆ ನುಗ್ಗುತ್ತಿತ್ತು. ಎರಡು ಸಲ ಗೆದ್ದಿದ್ದ ಅಡಿಕೆ ಮಂಡಿ ಶಿವಯೋಗಿ ಓಟಿನ ಕಾಲಕ್ಕೆ ಬಿಟ್ಟರೆ ಈ ಕಡೆ ತಲೆ ಹಾಕಿದವನಲ್ಲ. ನಗರಸಭೆ ಚುನಾವಣೆ ಬಂದಾಗ ನಿಶಾಂತ್ ಮತ್ತು ಅವನ ಗೆಳೆಯರು ರಾಗಿಗುಡ್ಡಕ್ಕೆ ಹೋಗಿ ಯುವರಾಜನ ಬೆನ್ನು ಬಿದ್ದರು. ಅವನ ಹೆಸರು ಇನ್ನೂ ಅಪ್ಪನ ಮನೆಯ ವಿಳಾಸದಲ್ಲೇ ಮತದಾರರ ಪಟ್ಟಿಯಲ್ಲಿತ್ತು. ಹೆಂಡತಿ ಲಿಖಿತಾ ಬೇಡವೆಂದು ಅತ್ತರೂ ಕೇಳದೆ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಪಕ್ಷದ ಟಿಕೆಟ್ ತಂದು, ಹಾಕಿ ಸ್ಟಿಕ್ ಹಿಡಿದ ಫೋಟೊವನ್ನು ಬ್ಯಾನರಿಗೆ ಹಾಕಿಸಿದ.

ನಿಶಾಂತ್ ಲೇತ್ ವರ್ಕ್‌ಶಾಪಿಗೆ ರಜೆ ಹಾಕಿ ಅವನ ಹಿಂದೆ ಮನೆಮನೆ ತಿರುಗಿದ. ಪ್ರಚಾರದ ಕೊನೆಯ ಸಂಜೆ ನೀರಿನ ಟ್ಯಾಂಕಿನ ಹತ್ತಿರ ಶಿವಯೋಗಿಯ ಕಡೆಯವರು ಅಡ್ಡ ಹಾಕಿದರು. ಮಾತಿಗೆ ಮಾತು ಬೆಳೆಯಿತು. ಅವರಲ್ಲೊಬ್ಬ ಕಬ್ಬಿಣದ ರಾಡ್ ಬೀಸಿದ. ಬೀಸಿದ್ದು ಯುವರಾಜನ ತಲೆಗೆ, ಅಡ್ಡ ಹೋದದ್ದು ನನ್ನ ತಮ್ಮನ ಬಲಗೈ. ಮಣಿಕಟ್ಟಿನ ಮೂಳೆ ಪುಡಿಯಾಯಿತು. ಯುವರಾಜನೇ ಎತ್ತಿಕೊಂಡು ಕಾರಿಗೆ ಹಾಕಿ ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಸೇರಿಸಿದ. ಆ ಕೈ ಇನ್ನು ಮೊದಲಿನಂತೆ ಮಡಚುವುದಿಲ್ಲವೆಂದು ಡಾಕ್ಟರು ಹೇಳಿದಾಗ ಕಾರಿಡಾರಿನಲ್ಲಿ ನಿಂತು, ಹೊಡೆದವರನ್ನು ಒಳಗೆ ಹಾಕಿಸದೆ ಬಿಡುವುದಿಲ್ಲವೆಂದು ನನ್ನೆದುರಿಗೇ ಆಣೆ ಮಾಡಿದ. ಪೊಲೀಸಿನಲ್ಲಿ ದೂರು ದಾಖಲಾಯಿತು. ನನ್ನ ತಮ್ಮನನ್ನು ಬಿಟ್ಟರೆ ನಮ್ಮ ಕಡೆಯವರಲ್ಲಿ ಹೊಡೆದದ್ದನ್ನು ಹತ್ತಿರದಿಂದ ಕಣ್ಣಾರೆ ಕಂಡವನು ಯುವರಾಜನೊಬ್ಬನೇ.

ಎಣಿಕೆಯ ದಿನ ಯುವರಾಜ ಸ್ವಲ್ಪದರಲ್ಲೇ ಸೋತ. ಹೊರಗೆ ಶಿವಯೋಗಿಯ ಕಡೆಯವರು ಪಟಾಕಿ ಹಚ್ಚಿ, ಗುಲಾಲು ಎರಚಿ, ನಮ್ಮವರ ಮುಖದೆದುರು ತೊಡೆ ತಟ್ಟುತ್ತಿದ್ದರು. ನಾನೂ ಅಲ್ಲಿದ್ದೆ. ಆಗ ಯುವರಾಜ ಗುಂಪನ್ನು ಸೀಳಿಕೊಂಡು ನೆಟ್ಟಗೆ ಆ ಕಡೆಗೆ ಹೋದ. ಜಗಳಕ್ಕೇ ಹೊರಟ ಅಂದುಕೊಂಡೆ. ಅವನು ಹೋಗಿ, ಹಾರದಲ್ಲಿ ಮುಳುಗಿದ್ದ ಶಿವಯೋಗಿಯ ಕೈ ಹಿಡಿದು ಕುಲುಕಿದ. ಸಾಲದ್ದಕ್ಕೆ ಪಕ್ಕದಲ್ಲಿದ್ದ ಹುಡುಗರ ಕೈಯನ್ನೂ ಕುಲುಕುತ್ತಾ ಹೋದ, ಆಟ ಮುಗಿದ ಮೇಲೆ ಸಾಲಾಗಿ ಕುಲುಕುತ್ತಾರಲ್ಲ ಹಾಗೆ. ಆ ಸಾಲಿನಲ್ಲಿ ರಾಡ್ ಬೀಸಿದವನೂ ಇದ್ದ.

ಸಂಜೆಯೊಳಗೆ ಆ ಫೋಟೊ ಊರಿನ ಎಲ್ಲ ಮೊಬೈಲಿನಲ್ಲೂ ಇತ್ತು. ಮ್ಯಾಚ್ ಮೊದಲೇ ಫಿಕ್ಸ್ ಆಗಿತ್ತೆಂದು ಸ್ವಂತ ಪಕ್ಷದವರೇ ಉಗಿದರು, ಅವನ ಬ್ಯಾನರ್ ಹರಿದು ಮೋರಿಗೆ ಹಾಕಿದರು. ನನಗೆ ಅದರ ಚಿಂತೆ ಇರಲಿಲ್ಲ. ಠಾಣೆಗೆ ಹೋದರೆ ಸಾಹೇಬರು ಅದೇ ಫೋಟೊ ತೋರಿಸಿ, ಲೀಡರುಗಳೇ ಒಂದಾದ ಮೇಲೆ ನಿಮ್ಮದೇನಮ್ಮ, ರಾಜಿಯಾಗಿ ಅಂದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ನಮ್ಮ ಕೂಸು ಜಗಳದಲ್ಲೂ ಬಡವಾಯಿತು, ರಾಜಿಯಲ್ಲೂ ಬಡವಾಯಿತು. ಯುವರಾಜ ಬಂದು ಸಾಕ್ಷಿ ಹೇಳದಿದ್ದರೆ ಕೇಸು ನಿಲ್ಲುವುದಿಲ್ಲವೆಂದು ನನಗೆ ಅರ್ಥವಾಯಿತು. ಅವನೋ ರಾಗಿಗುಡ್ಡ ಸೇರಿಕೊಂಡು ಫೋನ್ ಎತ್ತುವುದನ್ನೇ ಬಿಟ್ಟಿದ್ದ.

ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತಿದೆ. ಅವನ ಮನೆಯಲ್ಲಿ ಲಿಖಿತಾ ಮುಖ ಗಂಟಿಕ್ಕಿಕೊಂಡೇ ಬಾಗಿಲು ತೆಗೆದಳು. ನಿಮ್ಮಿಂದಲೇ ನನ್ನ ಗಂಡನ ಕೆಲಸ ಹೋಯಿತು ಅಂದಳು. ನಾನು ಅವಳನ್ನು ದಾಟಿ ಒಳಗೆ ಹೋದೆ. ಯುವರಾಜ ತಲೆ ತಗ್ಗಿಸಿ ಕೂತಿದ್ದ.

"ನಂಗೆ ಬೇರೆ ಏನೂ ಹೊಳೀಲಿಲ್ಲ ಪುಷ್ಪಕ್ಕ," ಅಂದ. "ಸೋತೋನು ಹೋಗಿ ಕೈ ಕುಲುಕ್ಬೇಕು. ಇಪ್ಪತ್ತು ವರ್ಷ ಅದೇ ಮಾಡಿದೀನಿ. ಗ್ರೌಂಡಲ್ಲಿ ಆಗಿದ್ದನ್ನ ಗ್ರೌಂಡಲ್ಲೇ ಬಿಟ್ಟು ಬರ್ಬೇಕು."

"ಗ್ರೌಂಡಲ್ಲಿ ಏಟು ತಿಂತಿದ್ದೋನು ನೀನು, ಮರೀತಿದ್ದೋನೂ ನೀನೇ," ಅಂದೆ. "ಇಲ್ಲಿ ಏಟು ತಿಂದೋನು ನನ್ ತಮ್ಮ. ಅವನ ಪಾಲಿನ ಏಟನ್ನ ನೀನ್ಯಾರೋ ಮರೆಯೋಕೆ?"

ಸಾಕ್ಷಿ ಹೇಳಕೂಡದೆಂದು ಶಿವಯೋಗಿ ಹೇಳಿಕಳಿಸಿದ್ದಾನೆ, ಬ್ಯಾಂಕೂ ಇಲ್ಲ, ಪಕ್ಷವೂ ಇಲ್ಲ, ಅವನನ್ನೂ ಎದುರು ಹಾಕಿಕೊಂಡರೆ ಬದುಕುವುದು ಹೇಗೆ ಎಂದು ಕೊನೆಗೆ ನಿಜ ಬಾಯಿಬಿಟ್ಟ. ನಾನು ಎದ್ದು ನಿಂತೆ. ನೀನು ಹೆದರಿಕೊಂಡಿದ್ದಿ, ಅದಕ್ಕೆ ಆಟದ ನೀತಿಯ ಹೆಸರಿಡಬೇಡ ಅಂದೆ. ಆ ಮಾತು ಅವನಿಗೆ ನಾಟಿತು. ಮಾರನೆಯ ದಿನ ಹನ್ನೊಂದು ಗಂಟೆಗೆ ಠಾಣೆಗೆ ಬಂದು, ಹೊಡೆದವನ ಹೆಸರು ಹೇಳಿ ಸಹಿ ಹಾಕುತ್ತೇನೆಂದು ಒಪ್ಪಿಕೊಂಡ.

ಬಂದ, ಅದನ್ನು ಇಲ್ಲವೆನ್ನುವುದಿಲ್ಲ. ಮುಖ ಸುಣ್ಣ ಬಳಿದಂತಿತ್ತು, ಅಂಗಿಯ ಕಂಕುಳು ನೆನೆದಿತ್ತು. ಇಬ್ಬರೂ ಒಳಗೆ ಹೋದೆವು. ಸಾಹೇಬರು ಆಶ್ಚರ್ಯದಿಂದ ನೋಡಿ, ಬೆಳಿಗ್ಗೆಯೇ ರಾಜಿಯಾಯಿತಲ್ಲ, ನಿಮ್ಮ ತಮ್ಮನೇ ಬಂದು ಕೇಸು ಬೇಡವೆಂದು ಬರೆದುಕೊಟ್ಟ ಅಂದರು. ಬಲಗೈಯಲ್ಲಿ ಪೆನ್ನು ನಿಲ್ಲಲಿಲ್ಲವಂತೆ, ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡರಂತೆ.

ನಿಶಾಂತ್ ಹೊರಗೆ ಹೊಂಗೆ ಮರದ ಕೆಳಗೆ ಕಲ್ಲಿನ ಮೇಲೆ ಕೂತಿದ್ದ. ಯಾರು ಹೆದರಿಸಿದರು ಎಂದು ಅವನ ಅಂಗಿ ಹಿಡಿದು ಕೇಳಿದೆ.

"ಯಾರೂ ಹೆದರಿಸ್ಲಿಲ್ಲ ಅಕ್ಕ. ನೀನು ನಿನ್ನೆ ಹೋಗಿ ಬೈದು ಬಂದೆ ಅಂದಾಗ ಸಂಕಟ ಆಯ್ತು. ಯುವರಾಜಣ್ಣ ಮೊದ್ಲೇ ಸೋತಿದಾನೆ, ಕೋರ್ಟಿಗೂ ಎಳೆದ್ರೆ ಅವನನ್ನ ಬಿಡ್ತಾರಾ ಅವ್ರು? ನನ್ನ ಕೈ ಹೋಗಿದ್ದು ಹೋಯ್ತು."

ನಾನು ಹಿಂದೆಯೇ ಬಂದು ನಿಂತಿದ್ದ ಯುವರಾಜನ ಕಡೆ ತಿರುಗಿದೆ. ಬಾ, ನಾನು ಸಾಕ್ಷಿ ಹೇಳುತ್ತೇನೆ, ರಾಜಿ ಪತ್ರವನ್ನು ಹರಿದು ಹಾಕಿಸೋಣ ಎಂದು ಅವನು ಒಂದು ಮಾತು ಅಂದಿದ್ದರೆ, ನಮ್ಮಪ್ಪನಾಣೆ, ಎಲ್ಲವನ್ನೂ ಮರೆತು ಬಿಡುತ್ತಿದ್ದೆ. ಅವನು ಅನ್ನಲಿಲ್ಲ. ಉದ್ದಕ್ಕೆ ಒಂದು ಉಸಿರು ಬಿಟ್ಟ. ಬಿಗಿದುಕೊಂಡಿದ್ದ ಹೆಗಲು ಇಳಿಯಿತು, ಮುಖಕ್ಕೆ ರಕ್ತ ಬಂತು. ನಿಶಾಂತನ ತಲೆ ಸವರಿ, ಕಾಫಿ ಕುಡಿಯೋಣ ಬಾ ಅಂದ.

ನನ್ನ ತಮ್ಮ ನಗುತ್ತಾ ಎದ್ದ. "ಮುಂದಿನ್ ಸಲ ನಿಲ್ತೀಯಲ್ಲ ಅಣ್ಣ?" ಎಂದು ಕೇಳಿದ.

ನೋಡೋಣ, ಅಂದ ಯುವರಾಜ.